ಹೇಳಿದ್ರೆ ಬಿಟ್ಟುಬಿಡ್ತಾರೆ

ಈ ಎರಡು ಪದದ ವಾಕ್ಯವನ್ನು ನೀವೂ ಎಲ್ಲೋ ಕೇಳಿರ್ತೀರಿ. ಬಸುರಿಯರಿಗೆ ಮಾತ್ರೆ ಬರೆದುಕೊಡುವವರು, ಅದನ್ನು ಕೌಂಟರಿನ ಆಚೆಯಿಂದ ಕವರಿಗೆ ಹಾಕಿ ಕೊಡುವವರು, ಮನೆಯಲ್ಲಿ ನೀರಿನ ಲೋಟದ ಜೊತೆ ತಂದಿಡುವ ಅಮ್ಮ ಅಥವಾ ಅತ್ತೆ, ಎಲ್ಲರೂ ಒಂದಲ್ಲ ಒಂದು ಸಲ ಹೇಳುವ ಮಾತು ಇದು. ಐರನ್ ಮಾತ್ರೆಯಿಂದ ಮಲಬದ್ಧತೆ ಆಗುತ್ತೆ, ಹೊಟ್ಟೆ ತೊಳಸುತ್ತೆ, ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ರುಚಿ ಬರುತ್ತೆ ಅಂತ ಮೊದಲೇ ಹೇಳಿದ್ರೆ ಬಿಟ್ಟುಬಿಡ್ತಾರೆ. ಹಾಗಾಗಿ ಹೇಳೋದು ಬೇಡ. ಮಗುವಿನ ಒಳ್ಳೇದಕ್ಕೆ ತಾನೇ?

ಹೀಗೆ ಹೇಳುವವರು ಕೆಟ್ಟವರಲ್ಲ. ನಾನು ಕಂಡ ಹಾಗೆ ಬಹಳಷ್ಟು ಜನ ನಿಜವಾದ ಕಾಳಜಿಯಿಂದಲೇ ಹೇಳ್ತಾರೆ. ಅದಕ್ಕೇ ಈ ಮಾತು ನನ್ನನ್ನು ಕಾಡೋದು. ದುಡ್ಡಿಗಾಗಿ ಮುಚ್ಚಿಟ್ಟರೆ ಅದು ಮೋಸ, ಅದರಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ. ಆದರೆ ಪ್ರೀತಿಯಿಂದ ಮುಚ್ಚಿಟ್ಟರೆ? ಒಬ್ಬಳ ದೇಹದಲ್ಲಿ ನಾಳೆಯಿಂದ ಏನಾಗಲಿದೆ ಅನ್ನೋದನ್ನು ಅವಳಿಗೆ ಹೇಳದೇ ಇರೋದಕ್ಕೆ 'ನಿನ್ನ ಒಳ್ಳೇದಕ್ಕೆ' ಅನ್ನೋದು ಸಾಕಾಗುವಷ್ಟು ಕಾರಣವೇ?

ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಐದನೇ ತಿಂಗಳಲ್ಲಿದ್ದಾಗ ಒಂದು ಬೆಳಿಗ್ಗೆ ಬಾತ್‌ರೂಮಿನಲ್ಲಿ ಬೆಚ್ಚಿಬಿದ್ದಳು. ಮಲ ಡಾಂಬರಿನ ಹಾಗೆ ಕಪ್ಪಗಿತ್ತು. ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಕ್ಕ ಉತ್ತರ, ಹೊಟ್ಟೆಯೊಳಗೆ ರಕ್ತಸ್ರಾವ. ಗಂಡನಿಗೆ ಹೇಳಿದರೆ ಗಾಬರಿಯಾಗ್ತಾನೆ, ಅಮ್ಮನಿಗೆ ಹೇಳಿದರೆ ಊರಿಗೇ ಗೊತ್ತಾಗುತ್ತೆ. ಯಾರಿಗೂ ಹೇಳಲಿಲ್ಲ. ಹೊಸದಾಗಿ ಶುರುವಾಗಿದ್ದು ಮಾತ್ರೆ ಒಂದೇ ಆದ್ದರಿಂದ ಅದನ್ನು ನಿಲ್ಲಿಸಿದಳು. ಮೂರು ವಾರ ದಿನಾ ಒಂದೊಂದು ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ಟಿಶ್ಯೂನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ್ದಾಳೆ, ಮನೆಯವರು ಪಟ್ಟಿ ಎಣಿಸಿದರೆ ಲೆಕ್ಕ ಸರಿ ಇರಲಿ ಅಂತ! ಕೊನೆಗೆ ನರ್ಸ್ ಆಗಿರುವ ನೆಂಟರೊಬ್ಬರು ಫೋನಿನಲ್ಲಿ ನಕ್ಕರಂತೆ. "ಐರನ್ ತಗೊಂಡ್ರೆ ಕಪ್ಪಗೇ ಹೋಗೋದು ಕಣೇ, ಯಾರೂ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ. ಹೇಳೋದಕ್ಕೆ ಎರಡು ಸೆಕೆಂಡು ಸಾಕಿತ್ತು.

ನಾನಿಲ್ಲಿ ಮಾತ್ರೆಗಳ ವಿರುದ್ಧ ಬರೀತಿಲ್ಲ ಅನ್ನೋದನ್ನು ಈಗಲೇ ಸ್ಪಷ್ಟಪಡಿಸಿಬಿಡ್ತೀನಿ. 'ನಮ್ಮಜ್ಜಿ ಯಾವ ಮಾತ್ರೆ ನುಂಗಿದ್ದಳು, ಹತ್ತು ಹೆರಲಿಲ್ವಾ' ಅನ್ನೋ ವಾದ ನನಗೆ ಇಷ್ಟವಿಲ್ಲ. ಆ ಹತ್ತರಲ್ಲಿ ಎಷ್ಟು ಉಳಿದವು ಅಂತ ಅಜ್ಜಿಯನ್ನೇ ಕೇಳಬೇಕು. ಈ ಮಾತ್ರೆಗಳ ಹಿಂದೆ ದೊಡ್ಡ ಕತೆಯೇ ಇದೆ, ಅದರ ಒಂದು ತುದಿ ನಮ್ಮ ಪಕ್ಕದ ಮುಂಬೈಯಲ್ಲಿದೆ. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಗೆ ಕಾರಣ ಏನು ಅಂತ ಹುಡುಕೋದು ಅವರ ಕೆಲಸ. ಅವರಿಗೆ ಸಿಕ್ಕ ಮದ್ದು ಮಾರ್ಮೈಟ್, ಬ್ರೆಡ್ಡಿಗೆ ಸವರಿ ತಿನ್ನುವ ಯೀಸ್ಟ್ ಸಾರ. 1931ರಲ್ಲಿ ಅದನ್ನು ಪ್ರಕಟಿಸಿದರು. ಅದರೊಳಗಿದ್ದ ಗುಣಕಾರಿ ಅಂಶ ಯಾವುದು ಅಂತ ಆಗ ಗೊತ್ತಿರಲಿಲ್ಲ, 'ವಿಲ್ಸ್ ಫ್ಯಾಕ್ಟರ್' ಅಂತಲೇ ಕರೆದರು. ಹತ್ತು ವರ್ಷದ ನಂತರ ಪಾಲಕ್ ಎಲೆಯಿಂದ ಬೇರ್ಪಡಿಸಿದಾಗ ಅದಕ್ಕೆ ಲ್ಯಾಟಿನ್ನಿನ 'ಎಲೆ' ಪದದಿಂದ ಫೋಲಿಕ್ ಆಸಿಡ್ ಅನ್ನೋ ಹೆಸರು ಬಂತು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ನೇತೃತ್ವ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರದು.

ಈ ಕತೆಯಲ್ಲಿ ನನಗೆ ಮುಖ್ಯ ಅನ್ನಿಸೋದು 1991ರ ಅಧ್ಯಾಯ. ಮಗುವಿನ ಮೆದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ನಾಳ ಪೂರ್ತಿ ಮುಚ್ಚಿಕೊಳ್ಳದೆ ಹೋಗುವ ತೊಂದರೆಯನ್ನು ಫೋಲಿಕ್ ಆಸಿಡ್ ತಡೆಯುತ್ತದೆಯೇ ಅನ್ನೋ ಪ್ರಶ್ನೆ ಅದು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಏಳು ದೇಶಗಳ 33 ಕೇಂದ್ರಗಳಲ್ಲಿ ಒಂದು ಟ್ರಯಲ್ ನಡೆಸಿತು. ಅದರಲ್ಲಿದ್ದ 1,817 ಹೆಂಗಸರೆಲ್ಲರೂ ಈಗಾಗಲೇ ಒಮ್ಮೆ ಅಂಥ ಗರ್ಭವನ್ನು ಹೊತ್ತು ನೋವು ಉಂಡವರು. ಅವರಲ್ಲಿ ಅರ್ಧ ಜನರಿಗೆ ಮಾತ್ರ ಫೋಲಿಕ್ ಆಸಿಡ್ ಇರುವ ಮಾತ್ರೆ. ಇದಕ್ಕೂ ಮುಂಚೆಯೇ, 1980ರಲ್ಲಿ, ಸ್ಮಿದೆಲ್ಸ್ ಅನ್ನೋ ವೈದ್ಯರ ತಂಡ ವಿಟಮಿನ್‌ನಿಂದ ಉಪಯೋಗ ಇದ್ದಂತಿದೆ ಅಂತ ತೋರಿಸಿತ್ತು. ಹಾಗಿದ್ದ ಮೇಲೆ ಉಳಿದರ್ಧ ಜನರಿಗೆ ಅದನ್ನು ಕೊಡದೇ ಇರೋದು ಸರಿಯೇ ಅಂತ ದೊಡ್ಡ ಜಗಳವೇ ನಡೆಯಿತು. ಫಲಿತಾಂಶ ಬಂದಾಗ ತೊಂದರೆಯಾದ 27 ಗರ್ಭಗಳಲ್ಲಿ 6 ಮಾತ್ರ ಫೋಲಿಕ್ ಆಸಿಡ್ ತಗೊಂಡವರದು, 21 ತಗೊಳ್ಳದವರದು. ಟ್ರಯಲ್ಲನ್ನು ಅಲ್ಲಿಗೇ ನಿಲ್ಲಿಸಿದರು. ಇವತ್ತು ನಮ್ಮ ಮೆಡಿಕಲ್ ಶಾಪಿನಲ್ಲಿ ಸಲೀಸಾಗಿ ಸಿಗುವ ಆ ಪುಟ್ಟ ಮಾತ್ರೆಯ ಹಿಂದೆ ಆ 21 ಇದೆ.

ಆ ವರದಿಯ ಸಾರಾಂಶದಲ್ಲೇ ಇನ್ನೊಂದು ಮಾತಿದೆ, ಅದನ್ನು ಜಾಸ್ತಿ ಜನ ಗಮನಿಸಲ್ಲ. ಫೋಲಿಕ್ ಆಸಿಡ್‌ನಿಂದ ಕೆಡುಕೇನೂ ಕಂಡುಬರಲಿಲ್ಲ, ಆದರೆ ಅಪರೂಪದ ಅಥವಾ ಸಣ್ಣ ಪ್ರಮಾಣದ ಕೆಡುಕನ್ನು ಗುರುತಿಸುವ ಶಕ್ತಿ ಈ ಅಧ್ಯಯನಕ್ಕೆ ಸೀಮಿತವಾಗಿತ್ತು ಅಂತ ಸಂಶೋಧಕರೇ ಬರೆದಿದ್ದಾರೆ. ಎಂಥಾ ಗೆಲುವಿನ ನಡುವೆ ಎಂಥಾ ಸಂಯಮದ ಮಾತು ನೋಡಿ. ಅದೇ ವಾಕ್ಯ ಲಂಡನ್ನಿನಿಂದ ಹೊರಟು, ಪಠ್ಯಪುಸ್ತಕ, ಕಂಪನಿಯ ಪ್ರತಿನಿಧಿ, ಕ್ಲಿನಿಕ್ಕು, ಕೌಂಟರು ದಾಟಿ ನಮ್ಮ ಮನೆಯ ಡೈನಿಂಗ್ ಟೇಬಲ್ಲಿಗೆ ಬರುವಷ್ಟರಲ್ಲಿ "ಏನೂ ಆಗಲ್ಲ, ತಗೊಳ್ಳಿ" ಅಂತಾಗಿರುತ್ತೆ. ಮೊದಲರ್ಧ ಮಾತ್ರ ಪ್ರಯಾಣ ಮಾಡಿದೆ. 'ಆದರೆ' ಅನ್ನೋ ಪದದ ನಂತರದ್ದೆಲ್ಲ ದಾರಿಯಲ್ಲೇ ಇಳಿದುಹೋಗಿದೆ.

ಕನ್ನಡದಲ್ಲಿ ಸೈಡ್ ಎಫೆಕ್ಟಿಗೆ ಅಡ್ಡಪರಿಣಾಮ ಅಂತೀವಿ. ಅಡ್ಡ ಅಂದರೆ ದಾರಿಗೆ ಅಡ್ಡ. ನಾವು ಹೊರಟಿದ್ದು ಎಲ್ಲಿಗೋ, ಮಧ್ಯೆ ಬಂದಿದ್ದು ಇದು. ತಲೆನೋವಿಗೆ ಮಾತ್ರೆ ನುಂಗಿ ಹೊಟ್ಟೆ ಉರಿದರೆ ಈ ಪದ ಸರಿಯಾಗೇ ಹೊಂದುತ್ತೆ. ತಲೆಯೂ ನನ್ನದೇ, ಹೊಟ್ಟೆಯೂ ನನ್ನದೇ. ಲಾಭ ನಷ್ಟ ಎರಡೂ ಒಂದೇ ಖಾತೆಗೆ ಬೀಳುತ್ತೆ, ಲೆಕ್ಕ ಹಾಕೋದು ಸುಲಭ. ಬಸುರಿಯ ಮಾತ್ರೆಯಲ್ಲಿ ಹಾಗಲ್ಲ. ಫೋಲಿಕ್ ಆಸಿಡ್‌ನ ದೊಡ್ಡ ಲಾಭ ಒಬ್ಬರಿಗೆ, ನುಂಗುವ ಕಷ್ಟ ಇನ್ನೊಬ್ಬರಿಗೆ. ಐರನ್‌ನಲ್ಲಿ ತಾಯಿಗೂ ದೊಡ್ಡ ಪಾಲಿದೆ ನಿಜ, ಹೆರಿಗೆಯಲ್ಲಿ ರಕ್ತ ಹೋದಾಗ ಅವಳನ್ನು ಉಳಿಸೋದರಲ್ಲಿ ಅದರ ಪಾತ್ರ ಸಣ್ಣದಲ್ಲ. ಆದರೆ ನಾವು ಅದನ್ನು ಅವಳಿಗೆ ಹೇಳೋದು ಹಾಗಲ್ಲವಲ್ಲ. "ಮಗೂಗೆ ಬೇಕು, ತಗೋ" ಅಂತೀವಿ. ಅಲ್ಲಿಗೆ ಅವಳ ಹೊಟ್ಟೆನೋವು ಒಂದು ಲಕ್ಷಣವಾಗಿ ಉಳಿಯೋದಿಲ್ಲ, ಪರೀಕ್ಷೆ ಆಗಿಬಿಡುತ್ತೆ. ಸಹಿಸಿಕೊಂಡರೆ ತಾಯಿ. ದೂರಿದರೆ? "ಇಷ್ಟಕ್ಕೇ ಹೀಗಂದ್ರೆ ನಾಳೆ ಹೆರಿಗೆ ಹೇಗೆ ಮಾಡ್ಕೋತೀಯಮ್ಮಾ."

ಹಾಗಂತ ಎದುರು ಪಕ್ಷದ ವಾದ ಟೊಳ್ಳು ಅಂತ ನಾನು ಹೇಳಲ್ಲ. ಅವರ ಕಡೆಯೂ ಸಾಕ್ಷಿ ಇದೆ, ಮತ್ತು ಅದು ಒಳ್ಳೆ ಸಾಕ್ಷಿ. 2007ರಲ್ಲಿ ಇಟಲಿಯ ಸಂಶೋಧಕರು ಪ್ರಾಸ್ಟೇಟ್ ತೊಂದರೆ ಇದ್ದ ಗಂಡಸರಿಗೆ ಫಿನಾಸ್ಟೆರೈಡ್ ಅನ್ನೋ ಔಷಧ ಕೊಟ್ಟರು. ಒಂದು ಗುಂಪಿಗೆ ಲೈಂಗಿಕ ತೊಂದರೆ ಆಗಬಹುದು ಅಂತ ಮೊದಲೇ ಹೇಳಿದರು, ಇನ್ನೊಂದು ಗುಂಪಿಗೆ ಹೇಳಲಿಲ್ಲ. ಔಷಧ ಒಂದೇ. ಹೇಳಿಸಿಕೊಂಡವರಲ್ಲಿ ಶೇ. 43ಕ್ಕೂ ಹೆಚ್ಚು ಜನ ತೊಂದರೆಯಾಯ್ತು ಅಂದರು, ಹೇಳಿಸಿಕೊಳ್ಳದವರಲ್ಲಿ ಶೇ. 15ರಷ್ಟು. ಅಂದರೆ ಹೇಳುವ ಮಾತೇ ಒಂದು ಔಷಧ, ಅದಕ್ಕೂ ಅಡ್ಡಪರಿಣಾಮ ಇದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ನೊಸೀಬೋ ಅಂತಾರೆ. ಜೊತೆಗೆ ನಮ್ಮ ದೇಶದ ಪರಿಸ್ಥಿತಿಯನ್ನೂ ಸೇರಿಸಿಕೊಳ್ಳಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಜನರಿಗೆ ರಕ್ತಹೀನತೆ, ಕರ್ನಾಟಕದಲ್ಲಿ ಶೇ. 45.7. ಬಿಸಿಲಲ್ಲಿ ಮನೆಮನೆ ತಿರುಗಿ ಮಾತ್ರೆ ಹಂಚುವ ಆಶಾ ಕಾರ್ಯಕರ್ತೆಗೆ "ಇದರಿಂದ ಹೀಗೂ ಆಗಬಹುದು, ಹಾಗೂ ಆಗಬಹುದು" ಅಂತ ಪಟ್ಟಿ ಓದು ಅಂದರೆ ಅವಳು ನಮ್ಮನ್ನು ನೋಡಿ ನಗ್ತಾಳೆ.

ಆದರೂ ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲನೆಯದು, ಐರನ್‌ನಿಂದ ಹೊಟ್ಟೆಗೆ ಆಗೋದು ಬರೀ ಹೇಳಿಕೆ ಮಾತಿನಿಂದ ಹುಟ್ಟಿದ ಭ್ರಮೆಯಲ್ಲ. 2015ರಲ್ಲಿ ನಲವತ್ತಕ್ಕೂ ಹೆಚ್ಚು ಟ್ರಯಲ್‌ಗಳನ್ನು ಒಟ್ಟು ಹಾಕಿ ನೋಡಿದ ಒಂದು ವಿಶ್ಲೇಷಣೆ ಬಂತು. ಫೆರಸ್ ಸಲ್ಫೇಟ್ ನುಂಗಿದವರಿಗೆ, ಏನೂ ಇಲ್ಲದ ಡಮ್ಮಿ ಮಾತ್ರೆ ನುಂಗಿದವರಿಗಿಂತ ಹೊಟ್ಟೆಯ ತೊಂದರೆ ಸ್ಪಷ್ಟವಾಗಿ ಜಾಸ್ತಿ. ಕಾರಣವೂ ಗುಟ್ಟಲ್ಲ. ನುಂಗಿದ ಕಬ್ಬಿಣದಲ್ಲಿ ಸಣ್ಣ ಪಾಲು ಮಾತ್ರ ರಕ್ತಕ್ಕೆ ಸೇರುತ್ತೆ, ಉಳಿದಿದ್ದು ಕರುಳಿನಲ್ಲೇ ಉಳಿದು ಅಲ್ಲಿ ತನ್ನ ಕೆಲಸ ಶುರು ಮಾಡುತ್ತೆ. ಕಪ್ಪು ಬಣ್ಣ ಬರೋದೂ ಅದರಿಂದಲೇ. ಇದು ಹೇಳದಿದ್ದರೂ ಆಗುತ್ತೆ. ಹೇಳದಿದ್ದರೆ ಆಗುವ ವ್ಯತ್ಯಾಸ ಒಂದೇ, ಅವಳು ಒಬ್ಬಳೇ ಹೆದರ್ತಾಳೆ.

ಎರಡನೆಯದು ನನಗೆ ಇನ್ನೂ ದೊಡ್ಡದು. ಹೇಳದೇ ಇರೋದು ಒಂದೇ ದಿಕ್ಕಿನಲ್ಲಿ ನಿಲ್ಲೋದಿಲ್ಲ. ಡಾಕ್ಟರು ಅವಳಿಗೆ ಹೇಳಲ್ಲ, ಅವಳು ಡಾಕ್ಟರಿಗೆ ಹೇಳಲ್ಲ. ಚೆಕಪ್‌ಗೆ ಹೋದಾಗ "ಮಾತ್ರೆ ತಗೋತಿದ್ದೀರಾ?" "ಹೂಂ ಡಾಕ್ಟ್ರೇ." ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏರಿರಲ್ಲ. ಡಾಕ್ಟರು ಏನು ಮಾಡ್ತಾರೆ? ತಗೊಂಡರೂ ಏರ್ತಿಲ್ಲ ಅಂದುಕೊಂಡು ಡೋಸು ಜಾಸ್ತಿ ಮಾಡ್ತಾರೆ. ಒಂದನ್ನೇ ನುಂಗಲಾರದವಳ ಕೈಗೆ ಈಗ ದಿನಕ್ಕೆ ಎರಡು. ಇಲ್ಲೊಂದು ವಿಪರ್ಯಾಸ ಇದೆ. ಕಬ್ಬಿಣ ಒಳಗೆ ಹೋದ ಕೂಡಲೇ ದೇಹ ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನು ಏರಿಸಿ ಮುಂದಿನ ಕಬ್ಬಿಣಕ್ಕೆ ಬಾಗಿಲನ್ನು ಅರ್ಧ ಮುಚ್ಚುತ್ತೆ. ಜೂರಿಕ್‌ನ ಸಂಶೋಧಕರು ಕಬ್ಬಿಣದ ಕೊರತೆ ಇದ್ದ ಯುವತಿಯರಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಡೋಸು ಹೆಚ್ಚಿದಂತೆ, ದಿನವೂ ಕೊಟ್ಟಂತೆ, ರಕ್ತಕ್ಕೆ ಸೇರುವ ಪಾಲು ಇಳಿಯುತ್ತೆ, ಕರುಳಿನಲ್ಲಿ ಉಳಿಯುವ ಪಾಲು ಏರುತ್ತೆ. ಅಂದರೆ ಎರಡು ಮೌನಗಳು ಸೇರಿ ಮೂಲ ತೊಂದರೆಯನ್ನೇ ದುಪ್ಪಟ್ಟು ಮಾಡಿದವು. ಇದರಲ್ಲಿ ಯಾರೂ ಕೆಟ್ಟ ಉದ್ದೇಶದಿಂದ ಏನೂ ಮಾಡಿಲ್ಲ. ಡಾಕ್ಟರಿಗೆ ಸಿಕ್ಕ ಮಾಹಿತಿ ಸುಳ್ಳಾಗಿತ್ತು, ಅಷ್ಟೇ. ಅದು ಸುಳ್ಳಾಗಿದ್ದು ಯಾಕೆ ಅಂತ ಹಿಂದಕ್ಕೆ ಹೋದರೆ ಆ ಎರಡು ಪದದ ವಾಕ್ಯ ಸಿಗುತ್ತೆ.

ಅಷ್ಟಕ್ಕೂ ಮುಚ್ಚಿಟ್ಟರೆ ಬಿಡಲ್ಲ ಅನ್ನೋದು ನಿಜವೇ? ಸರ್ಕಾರದ ಲೆಕ್ಕದಲ್ಲಿ ಗರ್ಭಿಣಿ ನಾಲ್ಕನೇ ತಿಂಗಳಿನಿಂದ ಕನಿಷ್ಠ 180 ದಿನ ಮಾತ್ರೆ ತಗೋಬೇಕು, ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಅದೇ ಸಮೀಕ್ಷೆಯಲ್ಲಿ 180 ದಿನ ಅಥವಾ ಹೆಚ್ಚು ತಗೊಂಡೆವು ಅಂದವರು ಶೇ. 26. ಮಾತ್ರೆ ಕೈಗೆ ಸಿಗದಿರೋದು, ತವರಿಗೆ ಹೋದಾಗ ತಪ್ಪಿಹೋಗೋದು, ಹೀಗೆ ಇದಕ್ಕೆ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಅಡ್ಡಪರಿಣಾಮದ ತಲೆಗೆ ಕಟ್ಟೋಕಾಗಲ್ಲ. ಆದರೆ ಮುಚ್ಚಿಟ್ಟು ಮಾತ್ರೆ ನುಂಗಿಸುವ ಈ ವಿಧಾನ ಭಾರೀ ಯಶಸ್ವಿಯಾಗಿದೆ, ಅದನ್ನು ಕೆಡಿಸಬೇಡಿ ಅಂತ ಹೇಳುವ ಹಾಗಂತೂ ಇಲ್ಲ.

ಇದೇ ವಾದ ಒಮ್ಮೆ ಕೋರ್ಟಿನ ಕಟಕಟೆ ಹತ್ತಿದೆ. ಮಾತ್ರೆಯ ವಿಷಯದಲ್ಲಲ್ಲ, ಹೆರಿಗೆಯ ವಿಷಯದಲ್ಲಿ. ಸ್ಕಾಟ್ಲೆಂಡಿನ ನಾದೀನ್ ಮಾಂಟ್‌ಗೊಮರಿ ಅನ್ನೋ ಮಹಿಳೆಗೆ ಮಧುಮೇಹ ಇತ್ತು, ಕುಳ್ಳಗಿನ ಮೈಕಟ್ಟು. ಅಂಥವರಲ್ಲಿ ಸಹಜ ಹೆರಿಗೆಯ ವೇಳೆ ಮಗುವಿನ ಭುಜ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಶೇ. 9ರಿಂದ 10. ಅವರ ವೈದ್ಯೆ ಇದನ್ನು ಹೇಳಲಿಲ್ಲ. ಮಗುವಿಗೆ ಗಂಭೀರ ತೊಂದರೆಯಾಗುವ ಸಂಭವ ಬಹಳ ಕಡಿಮೆ, ಆದರೆ ಈ ವಿಷಯ ಎತ್ತಿದರೆ ಎಲ್ಲರೂ ಸಿಸೇರಿಯನ್ನೇ ಕೇಳ್ತಾರೆ ಅನ್ನೋದು ಆಕೆಯ ಕಾರಣ. ಹೇಳಿದ್ರೆ ಬಿಟ್ಟುಬಿಡ್ತಾರೆ ಅನ್ನೋದರ ಸ್ಕಾಟಿಷ್ ರೂಪ! 1999ರಲ್ಲಿ ಹೆರಿಗೆಯಾಯಿತು, ಭುಜ ಸಿಕ್ಕಿಕೊಂಡಿತು, ಆಮ್ಲಜನಕ ಸಿಗದೆ ಮಗುವಿಗೆ ಸೆರೆಬ್ರಲ್ ಪಾಲ್ಸಿ ಆಯಿತು. ಹದಿನಾರು ವರ್ಷದ ಮೇಲೆ, 2015ರಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟ್ ತಾಯಿಯ ಪರ ತೀರ್ಪು ಕೊಟ್ಟಿತು. ಏನನ್ನು ಹೇಳಬೇಕು ಅನ್ನೋದನ್ನು ವೈದ್ಯರ ರೂಢಿಯಿಂದ ಅಳೆಯಬಾರದು, ಆ ರೋಗಿಯ ಜಾಗದಲ್ಲಿರುವವರಿಗೆ ಯಾವುದು ಮುಖ್ಯ ಅನ್ನಿಸುತ್ತೆ ಅನ್ನೋದರಿಂದ ಅಳೆಯಬೇಕು ಅಂತ.

ನಮ್ಮ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಅಷ್ಟು ದೂರ ಹೋಗಲಿಲ್ಲ. ಚಿಕಿತ್ಸೆಯ ಸ್ವರೂಪ, ಲಾಭ, ಮುಖ್ಯ ಅಪಾಯ, ಬೇರೆ ದಾರಿ ಇವನ್ನೆಲ್ಲ ಹೇಳಲೇಬೇಕು ಅಂದಿತು. ಆದರೆ ತೀರಾ ಅಪರೂಪದ, ಕೇವಲ ಸಿದ್ಧಾಂತದಲ್ಲಿರುವ ಅಪಾಯಗಳನ್ನು ಹೇಳಿ ರೋಗಿಯನ್ನು ಹೆದರಿಸಿ, ಬೇಕಾದ ಚಿಕಿತ್ಸೆಯನ್ನೇ ಬೇಡ ಅನ್ನುವಂತೆ ಮಾಡಬೇಕಿಲ್ಲ ಅಂತಲೂ ಹೇಳಿತು. ಕೆಲವರು ಇದನ್ನು ಹಳೆಯ ಕಾಲದ ತೀರ್ಪು ಅಂತಾರೆ. ನನಗೆ ಅದರಲ್ಲಿ ವಿವೇಕ ಕಾಣುತ್ತೆ, ನಮ್ಮ ಹೊರರೋಗಿ ವಿಭಾಗದ ಸಾಲು ನೋಡಿದವರಿಗೆ ಇನ್ನೂ ಜಾಸ್ತಿ ಕಾಣುತ್ತೆ. ಆದರೆ ಈ ವಿನಾಯಿತಿಯೂ ನಮ್ಮ ವಿಷಯಕ್ಕೆ ಸಹಾಯಕ್ಕೆ ಬರಲ್ಲ. ಐರನ್‌ನಿಂದ ಹೊಟ್ಟೆ ಕಟ್ಟೋದು ಅಪರೂಪವೂ ಅಲ್ಲ, ಸಿದ್ಧಾಂತವೂ ಅಲ್ಲ. ಅದು ಮುಂದಿನ ಸೋಮವಾರ ಆಗುವಂಥದ್ದು.

ಮತ್ತು ಹೇಳೋದು ಅಂದರೆ ಪಟ್ಟಿ ಓದೋದು ಅಂತ ಯಾಕಂದುಕೊಳ್ಳಬೇಕು? ಹೇಳಿದ ಮಾತಿನ ಬಾಲದಲ್ಲಿ ಏನು ಮಾಡಬಹುದು ಅನ್ನೋದೂ ಇರುತ್ತಲ್ಲ. ಖಾಲಿ ಹೊಟ್ಟೆಯಲ್ಲಿ ಆಗದಿದ್ದರೆ ಊಟದ ಜೊತೆ ತಗೊಳ್ಳಿ, ಕಬ್ಬಿಣ ಸ್ವಲ್ಪ ಕಡಿಮೆ ಸೇರುತ್ತೆ, ಪರವಾಗಿಲ್ಲ, ಪೂರ್ತಿ ಬಿಡೋದಕ್ಕಿಂತ ಒಳ್ಳೇದು. ನಿಂಬೆಹಣ್ಣಿನ ಪಾನಕದ ಜೊತೆ ಚೆನ್ನಾಗಿ ಸೇರುತ್ತೆ. ಕಾಫಿ, ಟೀ ಜೊತೆ ಬೇಡ (ಬೆಂಗಳೂರಿನಲ್ಲಿ ಇದೇ ಅತ್ಯಂತ ಕ್ರೂರವಾದ ಸಲಹೆ, ಗೊತ್ತು). ಕ್ಯಾಲ್ಸಿಯಂ ಮಾತ್ರೆಯನ್ನೂ ಐರನ್ ಮಾತ್ರೆಯನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳಬೇಡಿ, ಒಂದು ಇನ್ನೊಂದನ್ನು ತಡೆಯುತ್ತೆ. ಇದು ಒಗ್ಗದಿದ್ದರೆ ಬೇರೆ ಲವಣದ ಐರನ್ ಇದೆ, ಬಂದು ಕೇಳಿ, ಸುಮ್ಮನೆ ನಿಲ್ಲಿಸಬೇಡಿ. ಇಷ್ಟು ಹೇಳೋದಕ್ಕೆ ಒಂದು ನಿಮಿಷ. ಇದರಲ್ಲಿ ಹೆದರಿಸುವಂಥದ್ದು ಏನಿದೆ? ಫಿನಾಸ್ಟೆರೈಡ್ ಪ್ರಯೋಗದ ಗಂಡಸರಿಗೆ ಸಿಕ್ಕಿದ್ದು ಎಚ್ಚರಿಕೆ. ಇದು ಎಚ್ಚರಿಕೆಯೂ ಹೌದು, ದಾರಿಯೂ ಹೌದು.

ಇನ್ನೊಂದು ಸಂಗತಿ ಓದಿದಾಗ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯಲ್ಲಿ, ಅಡ್ಡಪರಿಣಾಮದಿಂದಾಗಿ ದಿನವೂ ಐರನ್ ತಗೊಳ್ಳಲು ಆಗದ ಗರ್ಭಿಣಿಗೆ ವಾರಕ್ಕೊಮ್ಮೆ 120 ಮಿಲಿಗ್ರಾಂ ಕೊಡಬಹುದು ಅಂತಿದೆ. ಆದರೆ ಒಂದು ಷರತ್ತು. ಆ ಜನಸಮುದಾಯದ ಗರ್ಭಿಣಿಯರಲ್ಲಿ ರಕ್ತಹೀನತೆ ಶೇ. 20ಕ್ಕಿಂತ ಕಡಿಮೆ ಇರಬೇಕು. ಇದರ ಹಿಂದಿನ ತರ್ಕ ನನಗೆ ಅರ್ಥ ಆಗುತ್ತೆ, ಹೆಚ್ಚು ಕೊರತೆ ಇರುವಲ್ಲಿ ಸಡಿಲ ಬಿಟ್ಟರೆ ಅಪಾಯ ಹೆಚ್ಚು. ಆದರೂ ಯೋಚನೆ ಮಾಡಿ. ಒಂದೇ ಬಗೆಯ ಹೊಟ್ಟೆನೋವು ಇರುವ ಇಬ್ಬರು ಹೆಂಗಸರು. ಒಬ್ಬಳಿಗೆ ವಾರಕ್ಕೊಂದು ಸಲದ ದಾರಿ ತೆರೆದಿದೆ, ಇನ್ನೊಬ್ಬಳಿಗೆ ಇಲ್ಲ, ಯಾಕೆಂದರೆ ಅವಳ ಅಕ್ಕಪಕ್ಕದವರ ರಕ್ತ ತೆಳುವಾಗಿದೆ. ಎಲ್ಲಿ ಹೆಂಗಸರು ಹೆಚ್ಚು ಬಡವರೋ ಅಲ್ಲಿ ಅವರ ನೋವಿಗೆ ಇರುವ ತೂಕ ಕಡಿಮೆ. ಸಾರ್ವಜನಿಕ ಆರೋಗ್ಯ ಅನ್ನೋದು ಸರಾಸರಿಯ ಮೇಲೆ ನಿಂತಿರುವ ವಿದ್ಯೆ, ಅದು ಬೇರೆ ಥರ ಇರೋಕೆ ಸಾಧ್ಯವೂ ಇಲ್ಲ ಅನ್ಸುತ್ತೆ. ಆದರೆ ಹಾಗೆ ಸರಾಸರಿಯ ಪರವಾಗಿ ಒಬ್ಬಳಿಂದ ಏನನ್ನಾದರೂ ಕೇಳುವಾಗ, ಕೇಳ್ತಿದ್ದೀವಿ ಅಂತ ಅವಳಿಗೆ ಹೇಳುವ ಸೌಜನ್ಯವಾದರೂ ಬೇಡವೇ?

ಇಲ್ಲೀವರೆಗೆ ಹೇಳಿದ್ದು ಹೊಟ್ಟೆಗೆ ಗೊತ್ತಾಗುವ ಅಡ್ಡಪರಿಣಾಮ. ಗೊತ್ತಾಗದೇ ಇರುವಂಥವೂ ಇವೆ, ಅಲ್ಲಿ ಹೇಳೋದು ಇನ್ನೂ ಕಷ್ಟ, ಯಾಕೆಂದರೆ ವಿಜ್ಞಾನವೇ ಇನ್ನೂ ಮಾತು ಮುಗಿಸಿಲ್ಲ. ಫೋಲಿಕ್ ಆಸಿಡ್ ಜಾಸ್ತಿಯಾಗಿ ಬಿ12 ಕಡಿಮೆ ಇದ್ದರೆ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿ, ನರಗಳಿಗೆ ಆಗುವ ಹಾನಿ ಒಳಗೊಳಗೇ ಮುಂದುವರಿಯಬಹುದು ಅನ್ನೋದು ಹಳೆಯ ಎಚ್ಚರಿಕೆ. 2008ರಲ್ಲಿ ಪುಣೆಯಿಂದ ಒಂದು ಅಧ್ಯಯನ ಬಂತು. ಗರ್ಭದಲ್ಲಿದ್ದಾಗ ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚು, ಬಿ12 ಕಡಿಮೆ ಇದ್ದ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ ಹೆಚ್ಚು ಕಂಡಿತು. 2013ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರ ತಂಡ ಇಂಥದೇ ಅಸಮತೋಲನಕ್ಕೂ, ಅವಧಿಗೆ ತಕ್ಕ ತೂಕ ಇಲ್ಲದೆ ಹುಟ್ಟುವ ಮಕ್ಕಳಿಗೂ ನಂಟಿದೆ ಅಂತ ವರದಿ ಮಾಡಿತು. ಎರಡೂ ಗಮನಿಸಿ ನೋಡಿದ ಅಧ್ಯಯನಗಳು, ನಂಟು ತೋರಿಸ್ತವೆ, ಇದರಿಂದಲೇ ಅದಾಯ್ತು ಅಂತ ಸಾಬೀತು ಮಾಡಲ್ಲ. ಇದನ್ನು ಓದಿ ಯಾರಾದರೂ ಫೋಲಿಕ್ ಆಸಿಡ್ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಅನಾಹುತ ಇಲ್ಲ. ಆದರೆ ತಲೆಮಾರುಗಳಿಂದ ಮಾಂಸ ಮೊಟ್ಟೆ ಮುಟ್ಟದ ಮನೆಗಳಲ್ಲಿ "ಬಿ12 ಒಂದ್ಸಲ ಟೆಸ್ಟ್ ಮಾಡಿಸೋಣ್ವಾ?" ಅಂತ ಕೇಳೋದಕ್ಕೆ ಇಷ್ಟು ಸಾಕು.

ಮತ್ತೆ ನಮ್ಮಂಥವರ ತೊಂದರೆ ಬೇರೆಯೇ. ಮಾತ್ರೆ ಬಿಡೋದು ನಮ್ಮ ರೋಗ ಅಲ್ಲ, ಪೇರಿಸೋದು ನಮ್ಮ ರೋಗ. ಡಾಕ್ಟರು ಬರೆದಿದ್ದು ಒಂದು, ಅಮೆರಿಕದಿಂದ ಅಣ್ಣ ತಂದ ಗಮ್ಮಿ ಒಂದು, ಆಫೀಸಿನ ಗೆಳತಿ ಲಿಂಕ್ ಕಳಿಸಿದ ಪ್ರೋಟೀನ್ ಪುಡಿ ಒಂದು, ಕೂದಲಿಗೆ ಅಂತ ಮೊದಲಿಂದ ತಗೋತಿದ್ದ ಮಲ್ಟಿವಿಟಮಿನ್ ಒಂದು. ನಾಲ್ಕರಲ್ಲೂ ವಿಟಮಿನ್ ಎ ಇದೆಯಾ, ಇದ್ದರೆ ಯಾವ ರೂಪದಲ್ಲಿ ಅಂತ ಯಾರು ಕೂಡಿಸಿ ನೋಡ್ತಾರೆ? ರೆಟಿನಾಲ್ ರೂಪದ ವಿಟಮಿನ್ ಎ ದಿನಕ್ಕೆ 10,000 ಯೂನಿಟ್ ದಾಟಿದ ತಾಯಂದಿರ ಮಕ್ಕಳಲ್ಲಿ ಹುಟ್ಟಿನ ದೋಷ ಹೆಚ್ಚು ಕಂಡಿದ್ದನ್ನು 1995ರಲ್ಲೇ ಅಮೆರಿಕದ ಅಧ್ಯಯನವೊಂದು ವರದಿ ಮಾಡಿತ್ತು. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್‌ಗೆ ಆ ಭಯ ಇಲ್ಲ. ವಿಟಮಿನ್ ಅನ್ನೋ ಪದದಲ್ಲೇ ಒಂಥರಾ ಮುಗ್ಧತೆ ಇದೆ, ಔಷಧ ಅಂದರೆ ಹುಟ್ಟುವ ಎಚ್ಚರ ಈ ಪದಕ್ಕೆ ಹುಟ್ಟಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಮಯ ಇಲ್ಲದ್ದಕ್ಕೆ ಹೇಳಲ್ಲ. ನಮಗೆ ಮಾರುವ ಜಾಗದಲ್ಲಿ ಡಬ್ಬಿ ಚಂದ ಇರೋದರಿಂದ ಹೇಳಲ್ಲ.

ಇನ್ನು ಉಳಿದಿರೋದು ಕಷ್ಟದ ಪ್ರಶ್ನೆ. ಎಲ್ಲ ಹೇಳಿದಿರಿ, ಚೆನ್ನಾಗೇ ಹೇಳಿದಿರಿ. ನಿಂಬೆಹಣ್ಣು, ಊಟದ ಜೊತೆ, ಬೇರೆ ಲವಣ, ಎಲ್ಲ ಆಯ್ತು. ಆಮೇಲೂ ಅವಳು "ನನ್ನ ಕೈಲಾಗಲ್ಲ, ಬೇಡ" ಅಂದರೆ? ಹೇಳಿದ್ರೆ ಬಿಟ್ಟುಬಿಡ್ತಾರೆ ಅನ್ನೋರ ಭಯ ನಿಜವಾಯ್ತಲ್ಲ. ಹೊಟ್ಟೆಯಲ್ಲಿರುವ ಮಗು ತನ್ನ ಪರ ಮಾತಾಡಲಾರದು, ಅದರ ಪರ ಯಾರು ಮಾತಾಡೋದು?

ನನ್ನ ಉತ್ತರ ಹೇಳ್ತೀನಿ, ನೀವು ಒಪ್ಪಬೇಕಿಲ್ಲ. ಆ ಮಗುವಿನ ಪರ ಅತಿ ಹೆಚ್ಚು ಮಾತಾಡುವವಳು ಅವಳೇ. ಎಂಟು ತಿಂಗಳಿಂದ ಎಡಮಗ್ಗುಲಲ್ಲೇ ಮಲಗ್ತಿರುವವಳು, ಪಪ್ಪಾಯ ಕಂಡರೆ ದೂರ ಸರಿಯುವವಳು, ಸಣ್ಣ ಕೆಮ್ಮಿಗೂ ಮಾತ್ರೆ ನುಂಗದೆ ರಾತ್ರಿಯಿಡೀ ಕೂತವಳು. ಅಂಥವಳು ಬೇಡ ಅಂದರೆ ಅದರ ಹಿಂದೆ ನಮಗೆ ಕಾಣದ ಏನೋ ಇರುತ್ತೆ, ಮೂಲವ್ಯಾಧಿಯೋ, ಆಫೀಸಿನಲ್ಲಿ ಮೂರು ಗಂಟೆ ಮೀಟಿಂಗಿನಲ್ಲಿ ಕೂರಲಾರದ ನೋವೋ. ಅದು ಗೊತ್ತಾಗೋದು ಬೇಡ ಅನ್ನೋದಕ್ಕೆ ಅವಕಾಶ ಇದ್ದಾಗ ಮಾತ್ರ. ರಕ್ತ ತೀರಾ ಕಡಿಮೆ ಇದ್ದರೆ ಬಾಯಿ ಮೂಲಕವಲ್ಲದೆ ನರಕ್ಕೆ ಕೊಡುವ ಐರನ್ ಇದೆ. ಅದನ್ನು ಮಾತ್ರೆಗೆ ಹೋಲಿಸಿ ನೋಡಲು ಕರ್ನಾಟಕ ಮತ್ತು ರಾಜಸ್ಥಾನದ 4 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು ದೊಡ್ಡ ಟ್ರಯಲ್ಲೇ ನಡೆದಿದೆ. ಅದಕ್ಕೂ ಅದರದೇ ಅಡ್ಡಪರಿಣಾಮಗಳಿವೆ, ಅವನ್ನೂ ಹೇಳಬೇಕು. ಅದೂ ಬೇಡ ಅಂದರೆ ಫೈಲಿನಲ್ಲಿ ಬರೆದುಕೊಂಡು, ಮುಖ ಗಂಟು ಹಾಕಿಕೊಳ್ಳದೆ, ಎರಡು ವಾರ ಬಿಟ್ಟು ಇನ್ನೊಂದು ಸಲ ರಕ್ತ ಪರೀಕ್ಷೆಗೆ ಬನ್ನಿ ಅನ್ನಬಹುದು. ಬರ್ತಾಳೆ. ಬೈಸಿಕೊಂಡವರು ಬರದೇ ಇರಬಹುದು, ಸುಳ್ಳು ಹೇಳಬೇಕಾಗಿ ಬಂದವರೂ ಬರದೇ ಇರಬಹುದು, ಆದರೆ ಬೇಡ ಅಂದಿದ್ದನ್ನು ಕೇಳಿಸಿಕೊಂಡ ಡಾಕ್ಟರ ಹತ್ತಿರ ಜನ ವಾಪಸ್ ಹೋಗೋದನ್ನು ನಾನು ನೋಡಿದ್ದೀನಿ.